ನಮ್ಮ ಸ್ಪ್ರಿಂಟ್ ಪ್ಲಾನಿಂಗ್: ಮೊದಲು ರಜೆ ಪಟ್ಟಿ, ಆಮೇಲೆ ಜಿರಾ

ಬೆಂಗಳೂರಿನಲ್ಲಿ ನಮ್ಮದು ಆರು ಜನರ ಟೀಮ್. ನಾಲ್ವರು ಡೆವಲಪರ್‌ಗಳು, ಇಬ್ಬರು ಟೆಸ್ಟರ್‌ಗಳು. ಎರಡೆರಡು ವಾರದ ಕಂತುಗಳಲ್ಲಿ ಕೆಲಸ ಮಾಡುತ್ತೇವೆ, ಒಂದೊಂದು ಕಂತಿಗೂ ಸ್ಪ್ರಿಂಟ್ ಅಂತ ಹೆಸರು. ಪ್ಲಾನಿಂಗ್ ಮೀಟಿಂಗ್ ನಡೆಸುವುದು ನನ್ನ ಪಾಲಿನ ಕೆಲಸ. ಯಾವ ಕೆಲಸ ತೆಗೆದುಕೊಳ್ಳಬೇಕು ಅನ್ನುವುದಕ್ಕಿಂತ ಯಾವುದನ್ನು ಈ ಸಲ ಹೊರಗಿಡಬೇಕು ಅನ್ನುವುದಕ್ಕೇ ಅಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತದೆ. ಹಿಡಿಯಲಿ ಅಂತಲೇ ನಾನು ಬಿಡುತ್ತೇನೆ.

ಕೆಲಸಗಳ ಪಟ್ಟಿ ಇರುವ ಜಿರಾ ಸಾಫ್ಟ್‌ವೇರ್ ತೆರೆಯುವ ಮೊದಲು ರಜೆ ಪಟ್ಟಿ ತೆರೆಯುತ್ತೇವೆ. ಆರು ಜನ, ಹತ್ತು ಕೆಲಸದ ದಿನ, ಒಟ್ಟು 60 ಅಂತ ಕಾಗದದ ಮೇಲೆ ಬರೆಯಬಹುದು. ಆದರೆ ಆಯುಧಪೂಜೆ, ವಿಜಯದಶಮಿ ಎರಡೂ ವಾರದ ನಡುವೆ ಬಂದರೆ ಅಲ್ಲಿಗೇ 12 ದಿನ ಹೋಯಿತು. ಊರು ದೂರ ಇರುವವರು ಹಿಂದೆ ಮುಂದೆ ಒಂದೊಂದು ದಿನ ಸೇರಿಸಿಕೊಳ್ಳುತ್ತಾರೆ, ಬೇಡ ಅನ್ನೋಕಾಗುತ್ತಾ? ಪ್ರೊಡಕ್ಷನ್ ಸಪೋರ್ಟ್ (ಜನ ಬಳಸುತ್ತಿರುವ ಆ್ಯಪ್‌ನ ತೊಂದರೆ ನೋಡಿಕೊಳ್ಳುವ) ಸರದಿಯಲ್ಲಿ ಇರುವವರನ್ನು ಅರ್ಧ ಆಳು ಅಂತಲೇ ಎಣಿಸುತ್ತೇವೆ. ಇಷ್ಟು ಕಳೆದು ಉಳಿದದ್ದನ್ನು ಹಿಂದಿನ ಮೂರು ಸ್ಪ್ರಿಂಟ್‌ಗಳ ವೆಲಾಸಿಟಿ, ಅಂದರೆ ಒಂದೊಂದು ಸ್ಪ್ರಿಂಟ್‌ನಲ್ಲಿ ಮುಗಿಸಿದ ಪಾಯಿಂಟ್‌ಗಳ ಪಕ್ಕ ಇಟ್ಟು ನೋಡುತ್ತೇವೆ. ಪಾಯಿಂಟ್ ಅಂದರೆ ಕೆಲಸದ ಗಾತ್ರಕ್ಕೆ ನಾವೇ ಕೊಡುವ ಅಂದಾಜು ಅಂಕ. ಸರಾಸರಿ 30 ಪಾಯಿಂಟ್ ಇದ್ದು, ದಿನಗಳಲ್ಲಿ ಮೂರರಲ್ಲಿ ಎರಡು ಪಾಲು ಉಳಿದಿದ್ದರೆ 20ರ ಆಸುಪಾಸು ತೆಗೆದುಕೊಳ್ಳುತ್ತೇವೆ. ಪೂರ್ತಿ ಮುಗಿದ ಸ್ಟೋರಿಗೆ (ಬಳಕೆದಾರರಿಗೆ ಬೇಕಾದ ಒಂದು ಕೆಲಸಕ್ಕೆ ನಮ್ಮಲ್ಲಿ ಹೀಗನ್ನುತ್ತಾರೆ) ಮಾತ್ರ ಪಾಯಿಂಟ್. 'ತೊಂಬತ್ತು ಪರ್ಸೆಂಟ್ ಆಗಿದೆ, ಟೆಸ್ಟಿಂಗ್ ಒಂದು ಬಾಕಿ' ಅನ್ನುವುದಕ್ಕೆ ಸೊನ್ನೆ.

ಆಮೇಲೆ ಗುರಿ. ಹೀಗೆ ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಪದ್ಧತಿಗೆ ಸ್ಕ್ರಮ್ ಅನ್ನುತ್ತಾರೆ. ಅದರ ಕೈಪಿಡಿಯಾದ 2020ರ ಸ್ಕ್ರಮ್ ಗೈಡ್ ಪ್ಲಾನಿಂಗ್‌ಗೆ ಯಾಕೆ, ಏನು, ಹೇಗೆ ಎಂಬ ಮೂರು ಪ್ರಶ್ನೆ ಇಡುತ್ತದೆ. 'ಯಾಕೆ' ಮೊದಲು ಬರುತ್ತದೆ. ಯಾವ ಕೆಲಸ ಮೊದಲು ಬೇಕು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಅದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು ಅಂತ ನನ್ನ ಹಟ. ಉದಾಹರಣೆಗೆ, 'ಕನ್ನಡ ಆರಿಸಿಕೊಂಡವರಿಗೆ ಲಾಗಿನ್ ಮುಗಿಯುವವರೆಗೂ ಎಲ್ಲವೂ ಕನ್ನಡದಲ್ಲೇ ಕಾಣಬೇಕು.' ಈ ಗುರಿಗೆ ಸೇರದ ಸ್ಟೋರಿ ಎಷ್ಟೇ ಚೆನ್ನಾಗಿರಲಿ, ಸಾಲಿನ ಕೊನೆಗೆ ಹೋಗುತ್ತದೆ.

ಅದೇ ಗುರಿಯ ಒಂದು ಸ್ಟೋರಿ ಹೇಳುತ್ತೇನೆ. 'ಒಟಿಪಿ ಮೆಸೇಜ್ ಕನ್ನಡದಲ್ಲಿ ಹೋಗಬೇಕು.' ನೋಡೋಕೆ ಒಂದು ಸಾಲಿನ ಕೆಲಸ. ಅಂದಾಜಿಗೆ ನಾವು ಪ್ಲಾನಿಂಗ್ ಪೋಕರ್ ಆಡುತ್ತೇವೆ. 2002ರಲ್ಲಿ ಜೇಮ್ಸ್ ಗ್ರೆನಿಂಗ್ ಶುರುಮಾಡಿದ ಪದ್ಧತಿ ಇದು. 1, 2, 3, 5, 8, 13 ಎಂಬ ಕಾರ್ಡುಗಳು, ಎಲ್ಲರೂ ಒಟ್ಟಿಗೇ ತೋರಿಸಬೇಕು. ಒಬ್ಬೊಬ್ಬರೇ ಹೇಳುತ್ತಾ ಹೋದರೆ ಸೀನಿಯರ್ ಹೇಳಿದ್ದೇ ಎಲ್ಲರ ಅಂದಾಜು ಆಗಿಬಿಡುತ್ತೆ, ಅಲ್ವಾ? ಈ ಸ್ಟೋರಿಗೆ ಡೆವಲಪರ್‌ಗಳೆಲ್ಲ 2 ತೋರಿಸಿದರು. ಒಬ್ಬ ಟೆಸ್ಟರ್ 8 ತೋರಿಸಿದರು.

ಇಂಥ ಹೊತ್ತಿನಲ್ಲಿ ಸರಾಸರಿ ತೆಗೆಯಲೇಬಾರದು. ಯಾಕೆ 8 ಅಂತ ಕೇಳಬೇಕು. ಅವರು ಹೇಳಿದ್ದು ಹೀಗಿತ್ತು. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ ಸಿಗುತ್ತದೆ. ಕನ್ನಡ ಯುನಿಕೋಡ್‌ನಲ್ಲಿ ಹೋಗುವುದರಿಂದ 70 ಮಾತ್ರ. ಅದರಲ್ಲೂ 'ಕ್ಷಿ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಲೆಕ್ಕದಲ್ಲಿ ನಾಲ್ಕು. ಆಂಡ್ರಾಯ್ಡ್ ಆ್ಯಪ್ ಪರ್ಮಿಷನ್ ಕೇಳದೆ ಒಟಿಪಿಯನ್ನು ತಾನೇ ಓದಿಕೊಳ್ಳಲಿ ಅಂತ ಮೆಸೇಜಿನಲ್ಲಿ 11 ಅಕ್ಷರದ ಹ್ಯಾಶ್ (ಆ್ಯಪನ್ನು ಗುರುತಿಸುವ ಸಂಕೇತ) ಬೇರೆ ಹಾಕುತ್ತೇವೆ. ಉಳಿದದ್ದು 59. ನಮ್ಮ ಇಂಗ್ಲಿಷ್ ವಾಕ್ಯವನ್ನು ಹಾಗೇ ಕನ್ನಡಕ್ಕೆ ತಂದರೆ ಎರಡು ಎಸ್‌ಎಂಎಸ್ ಆಗುತ್ತದೆ, ಖರ್ಚೂ ಎರಡು ಪಟ್ಟು. ಅದಲ್ಲದೆ ನಮ್ಮ ದೇಶದಲ್ಲಿ ಕಂಪನಿಗಳು ಕಳಿಸುವ ಇಂಥ ಮೆಸೇಜಿನ ಟೆಂಪ್ಲೇಟ್ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಣಿ ಆಗಿರಬೇಕು. ಇಲ್ಲದಿದ್ದರೆ ಮೆಸೇಜ್ ತಲುಪುವುದೇ ಇಲ್ಲ. ಆ ಒಪ್ಪಿಗೆ ಯಾವಾಗ ಬರುತ್ತೋ, ಅದು ನಮ್ಮ ಕೈಯಲ್ಲಿಲ್ಲ.

ಡೆವಲಪರ್‌ಗಳು ಸುಮ್ನೆ ಕಾರ್ಡ್ ವಾಪಸ್ ತೆಗೆದುಕೊಂಡರು. ನಾವು ಸ್ಟೋರಿಯನ್ನು ಎರಡು ಮಾಡಿದೆವು. ವಾಕ್ಯ ಬರೆದು, ಉದ್ದ ಅಳೆದು, ನೋಂದಣಿಗೆ ಕಳಿಸುವುದು ಈ ಸ್ಪ್ರಿಂಟ್‌ಗೆ. ಕೋಡ್ ಬದಲಾವಣೆ ಒಪ್ಪಿಗೆ ಬಂದ ಮೇಲೆ. ಹಾಗಾಗಿ ಗುರಿಯ ವಾಕ್ಯವನ್ನೂ ತಿದ್ದಿದೆವು: ಲಾಗಿನ್ ಪರದೆಗಳು ಕನ್ನಡದಲ್ಲಿ, ಒಟಿಪಿ ಮುಂದಿನ ಸಲ. ಪ್ರಾಡಕ್ಟ್ ಓನರ್ ಮುಖ ಸಪ್ಪಗಾಯಿತು, ಆದರೆ ಎರಡು ವಾರ ಆದಮೇಲೆ ಸಪ್ಪಗಾಗುವುದಕ್ಕಿಂತ ಇದು ಎಷ್ಟೋ ವಾಸಿ.

ಅಂದಹಾಗೆ, ಸ್ಕ್ರಮ್ ಗೈಡ್‌ನಲ್ಲಿ ಸ್ಟೋರಿ ಪಾಯಿಂಟ್ ಅನ್ನುವ ಮಾತೇ ಇಲ್ಲ. ಪಕ್ಕದ ಟೀಮ್ 50 ಮಾಡುತ್ತೆ, ನೀವು ಯಾಕೆ 30 ಅಂತ ಮೇಲಿನವರು ಕೇಳಿದಾಗ ನಾನು ಇದನ್ನು ನೆನಪಿಸುತ್ತೇನೆ. ಅವರ ಪಾಯಿಂಟ್ ಅವರ ಮನೆಯ ಸೇರು, ನಮ್ಮದು ನಮ್ಮ ಮನೆಯ ಸೇರು.

'ಹೇಗೆ' ಅನ್ನುವ ಭಾಗ ನಮ್ಮಲ್ಲಿ ಬೇಗ ಮುಗಿಯುತ್ತದೆ. ಮೊದಲ ಎರಡು ಮೂರು ದಿನದ ಕೆಲಸವನ್ನು ಮಾತ್ರ ಸಣ್ಣ ಸಣ್ಣ ಟಾಸ್ಕ್‌ಗಳಾಗಿ ಒಡೆಯುತ್ತೇವೆ. ಎಲ್ಲಕ್ಕೂ ಆಗಲೇ ಇಂಥವರದು ಅಂತ ಹೆಸರು ಹಚ್ಚುವುದಿಲ್ಲ. ಒಂದು ತಿಂಗಳ ಸ್ಪ್ರಿಂಟ್‌ಗೆ ಪ್ಲಾನಿಂಗ್ ಹೆಚ್ಚೆಂದರೆ 8 ಗಂಟೆ ಅನ್ನುತ್ತದೆ ಗೈಡ್. ನಮ್ಮದು ಊಟದ ಹೊತ್ತಿಗೆ ಮುಗಿಯುತ್ತದೆ, ಯಾಕೆಂದರೆ ಅರ್ಧಂಬರ್ಧ ಸ್ಟೋರಿಗಳನ್ನು ಹಿಂದಿನ ವಾರದ ರಿಫೈನ್‌ಮೆಂಟ್ ಅನ್ನುವ ತಯಾರಿ ಮೀಟಿಂಗ್‌ನಲ್ಲೇ ಸೋಸಿರುತ್ತೇವೆ.

ಏಳುವ ಮುಂಚೆ ಒಂದು ಪ್ರಶ್ನೆ. ಈ ಗುರಿ ಮುಟ್ಟುತ್ತೇವೆ ಅನ್ನುವ ನಂಬಿಕೆ ಎಷ್ಟಿದೆ, ಐದು ಬೆರಳಲ್ಲಿ ತೋರಿಸಿ. ಒಬ್ಬರು ಎರಡೇ ಬೆರಳು ತೋರಿಸಿದರೂ ಮೀಟಿಂಗ್ ಮುಗಿಯಲಿಲ್ಲ ಅಂತಲೇ ಅರ್ಥ. ಕಾರಣ ಕೇಳುತ್ತೇವೆ, ಸಾಮಾನ್ಯವಾಗಿ ಇನ್ನೊಂದು ಸ್ಟೋರಿ ಹೊರಗೆ ಹೋಗುತ್ತದೆ, ಮತ್ತೆ ಬೆರಳು ಎತ್ತುತ್ತೇವೆ.