ಎಸ್‌ಡಿಆರ್ ಬ್ಯಾಟರಿ ಬೇಗ ಖಾಲಿ ಮಾಡುತ್ತಿದೆಯಾ? ಮೊದಲು ಸ್ಯಾಂಪಲ್ ರೇಟ್ ನೋಡಿ

ಹಳೇ ರೇಡಿಯೊದಲ್ಲಿ ಕಾಯಿಲ್, ಫಿಲ್ಟರ್‌ಗಳು ಮಾಡುತ್ತಿದ್ದ ಕೆಲಸವನ್ನು ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೊದಲ್ಲಿ, ಅಂದರೆ ಎಸ್‌ಡಿಆರ್‌ನಲ್ಲಿ, ಪ್ರೊಸೆಸರ್ ಲೆಕ್ಕ ಹಾಕಿ ಮಾಡುತ್ತದೆ. ಆ ಲೆಕ್ಕಕ್ಕೂ ಕರೆಂಟ್ ಬೇಕು. ಗೋಡೆಯ ಪ್ಲಗ್‌ನಲ್ಲಿ ಓಡುವಾಗ ಇದು ಗೊತ್ತೇ ಆಗುವುದಿಲ್ಲ, ಅದನ್ನೇ ವೈರ್‌ಲೆಸ್ ಸೆನ್ಸರ್‌ಗಳ ಗೇಟ್‌ವೇ (ಅವು ಕಳಿಸುವುದನ್ನೆಲ್ಲ ಹಿಡಿದು ಮುಂದೆ ದಾಟಿಸುವ ಪೆಟ್ಟಿಗೆ) ಮಾಡಿ ಬ್ಯಾಟರಿಗೆ ಹಾಕಿದ ದಿನ ಗೊತ್ತಾಗುತ್ತದೆ.

ಮೊದಲು ಅಳೆಯಿರಿ. ಯುಎಸ್‌ಬಿ ಮೀಟರ್ ಒಂದನ್ನು ಡಾಂಗಲ್‌ಗೂ (ಸಿಗ್ನಲ್ ಹಿಡಿಯುವ ಯುಎಸ್‌ಬಿ ಕಡ್ಡಿ) ಬೋರ್ಡ್‌ಗೂ (ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರ್) ಬೇರೆ ಬೇರೆಯಾಗಿ ಹಾಕಿ ನೋಡಿ. ಸಾಮಾನ್ಯ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ 5 ವೋಲ್ಟ್‌ನಲ್ಲಿ ಸುಮಾರು 300 ಮಿಲಿಆಂಪಿಯರ್ ಎಳೆಯುತ್ತದೆ, ಅಂದರೆ ಒಂದೂವರೆ ವ್ಯಾಟ್. ಪ್ರೋಗ್ರಾಂ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ ಬೋರ್ಡ್ ಎಷ್ಟು ಎಳೆಯುತ್ತದೆಂದು ಬರೆದಿಟ್ಟುಕೊಳ್ಳಿ. ಆ ವ್ಯತ್ಯಾಸವೇ ನಿಮ್ಮ ಲೆಕ್ಕದ ಖರ್ಚು.

ಈಗ ಸ್ಯಾಂಪಲ್ ರೇಟ್, ಅಂದರೆ ಸಿಗ್ನಲನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆಯುತ್ತದೆ ಅನ್ನುವುದು. ನನ್ನ ಪ್ರಕಾರ ಮುಕ್ಕಾಲು ಪಾಲು ದುಂದು ಇಲ್ಲೇ. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಕೇಳಿದರೆ, ಒಂದೊಂದಕ್ಕೂ 8 ಬಿಟ್‌ನ ಎರಡು ಸಂಖ್ಯೆ, ಒಟ್ಟು ಸೆಕೆಂಡಿಗೆ 4.8 ಮೆಗಾಬೈಟ್ ಬಂದು ಬೀಳುತ್ತದೆ. ನಿಮ್ಮ ಸೆನ್ಸರ್ ಸಿಗ್ನಲ್ ಕೆಲವೇ ಕಿಲೊಹರ್ಟ್ಸ್ ಅಗಲ ಇದ್ದರೆ ಅಷ್ಟೆಲ್ಲ ಯಾಕೆ ಬೇಕು? 2.5 ಲಕ್ಷಕ್ಕೆ ಇಳಿಸಿ, ಅರ್ಧ ಮೆಗಾಬೈಟ್ ಸಾಕಾಗುತ್ತದೆ. (3 ಲಕ್ಷದಿಂದ 9 ಲಕ್ಷದ ನಡುವಿನ ರೇಟ್‌ಗಳು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ನ ಚಿಪ್‌ನಲ್ಲಿ ಸಿಗುವುದಿಲ್ಲ, ಸುಮ್ನೆ ಒದ್ದಾಡಬೇಡಿ.) ಡಾಂಗಲ್‌ನ ಕರೆಂಟ್ ಹೆಚ್ಚೇನೂ ಇಳಿಯದು, ಉಳಿತಾಯ ಕಾಣುವುದು ಬೋರ್ಡ್‌ನ ಮೀಟರ್‌ನಲ್ಲಿ.

ಜಾಸ್ತಿ ರೇಟ್ ಬೇಕೇ ಬೇಕು ಅಂದರೆ ಡೆಸಿಮೇಶನ್ ಅನ್ನು (ಇಷ್ಟರಲ್ಲಿ ಒಂದರಂತೆ ಸ್ಯಾಂಪಲ್ ಉಳಿಸಿ ಮಿಕ್ಕಿದ್ದನ್ನು ಬಿಡುವುದು) ಲೆಕ್ಕದ ಸರಪಳಿಯ ಶುರುವಿನಲ್ಲೇ ಇಡಿ. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ ಬರುವಲ್ಲಿ 100 ಟ್ಯಾಪ್‌ನ ಫಿಲ್ಟರ್, ಅಂದರೆ ಒಂದೊಂದು ಸ್ಯಾಂಪಲ್‌ಗೂ 100 ಗುಣಾಕಾರ ಮಾಡುವ ಫಿಲ್ಟರ್, ಹಾಕಿದರೆ 24 ಕೋಟಿ ಗುಣಾಕಾರ. ಅದೇ ಫಿಲ್ಟರ್ ಹತ್ತರಲ್ಲಿ ಒಂದನ್ನು ಮಾತ್ರ ಹೊರಗೆ ಕೊಡುವಂತಿದ್ದರೆ, ಎಸೆಯುವ ಒಂಬತ್ತನ್ನು ಲೆಕ್ಕ ಹಾಕುವುದೇ ಇಲ್ಲ, 2.4 ಕೋಟಿಗೆ ಮುಗಿಯುತ್ತದೆ. ಎಸ್‌ಡಿಆರ್ ಪ್ರೋಗ್ರಾಂ ಕಟ್ಟುವ ಉಚಿತ ಸಾಫ್ಟ್‌ವೇರ್ ಆದ ಜಿಎನ್‌ಯು ರೇಡಿಯೊದ ಡೆಸಿಮೇಟಿಂಗ್ ಫಿಲ್ಟರ್ ಬ್ಲಾಕ್‌ಗಳು ಹೀಗೇ ಕೆಲಸ ಮಾಡುತ್ತವೆ. ಅದರ ಜೊತೆಗೇ ಬರುವ ವೋಲ್ಕ್ ಪ್ರೊಫೈಲ್ (volk_profile) ಕಮಾಂಡನ್ನು ಒಮ್ಮೆ ಓಡಿಸಿ, ನಿಮ್ಮ ಪ್ರೊಸೆಸರ್‌ಗೆ ಹೊಂದುವ ವೇಗದ ಕೋಡ್ ಯಾವುದೆಂದು ಅದೇ ಆರಿಸಿಡುತ್ತದೆ. ಮತ್ತೆ ಸಿಗ್ನಲ್‌ಗಳನ್ನು ಚಿತ್ರವಾಗಿ ತೋರಿಸುವ ಆ ಬಣ್ಣಬಣ್ಣದ ವಾಟರ್‌ಫಾಲ್ ಪರದೆ! ಯಾರೂ ನೋಡದ ಬೋರ್ಡ್‌ನಲ್ಲಿ ಅದ್ಯಾಕೆ, ತೆಗೆದುಬಿಡಿ.

ನಿದ್ದೆಯ ವಿಷಯ ಸ್ವಲ್ಪ ನಾಜೂಕು. ಸೆನ್ಸರ್‌ಗಳು ಗೊತ್ತಾದ ಹೊತ್ತಿಗೆ ಮಾತ್ರ ಮಾತಾಡುತ್ತವೆ ಅಂದರೆ ಉಳಿದ ಹೊತ್ತು ರಿಸೀವರ್ ಮಲಗಬಹುದು. ಪ್ರೋಗ್ರಾಂ ನಿಲ್ಲಿಸಿದರಷ್ಟೇ ಸಾಲದು, ಪೋರ್ಟ್‌ನ ಕರೆಂಟನ್ನೇ ಕಡಿಯಬೇಕು, ಅದಕ್ಕೆ ಪೋರ್ಟ್‌ಗಳನ್ನು ಒಂದೊಂದಾಗಿ ಆಫ್ ಮಾಡಬಲ್ಲ ಯುಎಸ್‌ಬಿ ಹಬ್ ಬೇಕು. ಆದರೆ ಎದ್ದ ಕೂಡಲೇ ಕೇಳಿಸಿಕೊಳ್ಳುವುದಿಲ್ಲ. ಡಾಂಗಲ್‌ನೊಳಗೆ ಫ್ರೀಕ್ವೆನ್ಸಿ ನಿಗದಿ ಮಾಡುವ ಕ್ರಿಸ್ಟಲ್ ಬಿಸಿಯಾಗುವವರೆಗೆ ಫ್ರೀಕ್ವೆನ್ಸಿ ಜಾರುತ್ತಿರುತ್ತದೆ, ಹಾಗಾಗಿ ಸ್ವಲ್ಪ ಮುಂಚೆಯೇ ಎಬ್ಬಿಸಿ. ಸೆನ್ಸರ್‌ಗಳು ಮನಸ್ಸು ಬಂದಾಗ ಮಾತಾಡುವ ಜಾತಿಯವಾದರೆ ಈ ಆಸೆ ಬಿಡಿ.

ಟ್ರಾನ್ಸ್‌ಮಿಟ್ ಕೂಡ ಮಾಡುವ ಎಸ್‌ಡಿಆರ್ ಆದರೆ ಪವರ್ ಆಂಪ್ಲಿಫೈಯರ್ ಕಡೆಗೂ ನೋಡಿ. 3 ಡೆಸಿಬೆಲ್ ಇಳಿಸಿದರೆ ಆಂಟೆನಾಗೆ ಹೋಗುವ ಪವರ್ ಅರ್ಧವಾಗುತ್ತದೆ, ಬ್ಯಾಟರಿ ಖರ್ಚು ಮಾತ್ರ ಅರ್ಧ ಆಗಲ್ಲ, ಯಾಕಂದರೆ ಏನೂ ಕಳಿಸದಿದ್ದಾಗಲೂ ಆಂಪ್ಲಿಫೈಯರ್ ತಯಾರಾಗಿರಲು ಬೇಕಾದ ಬಯಾಸ್ ಕರೆಂಟ್ ಎಳೆಯುತ್ತಲೇ ಇರುತ್ತದೆ. ಪ್ಯಾಕೆಟ್ ಮುಗಿದ ತಕ್ಷಣ ಆಂಪ್ಲಿಫೈಯರನ್ನು ಆಫ್ ಮಾಡುವ ಒಂದು ಪಿನ್ ಇದೆಯಾ ಅಂತ ಬೋರ್ಡ್‌ನ ಮ್ಯಾನುಯಲ್‌ನಲ್ಲಿ ಹುಡುಕಿ.