ಕ್ಯಾಬಿನ್ ಗೋಡೆ ಹೇಳಿದ ಚರಿತ್ರೆ

ಸಣ್ಣ ಪಟ್ಟಣದ ಹಳೆಯ ಚಿತ್ರಮಂದಿರವೊಂದರ ಚರಿತ್ರೆ ಬರೆಯಲು ಹೊರಟಾಗ ಮೊದಲು ವಯಸ್ಸಾದವರನ್ನು ಮಾತಾಡಿಸಿದೆ. ಎಲ್ಲರದೂ ಒಂದೇ ಮಾತು: "ಅದು ಶುರುವಿನಿಂದಲೂ ಟಾಕೀಸೇ," ಅಂದರೆ ಮಾತಿನ ಚಿತ್ರಗಳಿಗೆಂದೇ ಕಟ್ಟಿದ ಮಂದಿರ. ಎಂಟು ತಿಂಗಳು ಅದನ್ನೇ ನಂಬಿಕೊಂಡು ಬರೆದೆ. ಆಮೇಲೊಂದು ದಿನ ಟಾರ್ಚ್ ಹಿಡಿದು ಪ್ರೊಜೆಕ್ಟರ್ ಕ್ಯಾಬಿನ್ ಹತ್ತಿದೆ.

ಒಂದು ಪ್ರೊಜೆಕ್ಟರಿಗೆ ಸಾಮಾನ್ಯವಾಗಿ ಎರಡು ಕಿಂಡಿ: ಬೆಳಕು ಹೋಗಲು ಒಂದು, ಆಪರೇಟರ್ ಪರದೆ ನೋಡಲು ಇನ್ನೊಂದು. ಅಲ್ಲಿ ನಾಲ್ಕಿದ್ದವು. ಎರಡಕ್ಕೆ ಗೋಡೆ ಕಟ್ಟುವಾಗಲೇ ಇಟ್ಟಿಗೆಯ ಕಮಾನು ಕೂರಿಸಿದ್ದರು. ಉಳಿದೆರಡು ಆಮೇಲೆ ಒಡೆದು ತೆಗೆದವು, ಅಂಚಿಗೆ ಸಿಮೆಂಟ್ ಮೆತ್ತಿತ್ತು. ಅಂದರೆ ಮೊದಲಿಗೆ ಅಲ್ಲಿದ್ದದ್ದು ಒಂದೇ ಯಂತ್ರ. ಪ್ರತಿ ರೀಲು ಮುಗಿದಾಗಲೂ ದೀಪ ಹಾಕಿ ಆಟ ನಿಲ್ಲಿಸಬೇಕು. ಸಾವಿರ ಅಡಿಯ ರೀಲು ಸೆಕೆಂಡಿಗೆ 16 ಚಿತ್ರಗಳ ವೇಗದಲ್ಲಿ ಓಡಿದರೆ ಸುಮಾರು 17 ನಿಮಿಷ ಬರುತ್ತದೆ. ಮಾತು ಬಂದ ಮೇಲೆ ವೇಗ 24ಕ್ಕೆ ನಿಂತಿತು, ಅದೇ ರೀಲು 11 ನಿಮಿಷಕ್ಕೆ ಖಾಲಿ. ಎರಡನೆಯ ಯಂತ್ರದ ಅಗತ್ಯ ಆಗ ಇನ್ನೂ ಹೆಚ್ಚಿತು.

ಆದರೆ ಒಂದೇ ಯಂತ್ರದಲ್ಲಿ ಟಾಕಿ ಓಡಿಸಿದವರೂ ಇದ್ದಾರೆ. ಹಾಗಾಗಿ ಕಿಂಡಿಯಿಂದ ನನಗೆ ಹುಟ್ಟಿದ್ದು ಇದು ಮೂಕಿ ಚಿತ್ರಗಳ ಕಾಲದ್ದಿರಬಹುದು ಎಂಬ ಅನುಮಾನ ಮಾತ್ರ. ಕೆಳಗಿಳಿದು ಪರದೆಯ ಮುಂದಿನ ನೆಲವನ್ನು ಕೋಲಿನಿಂದ ತಟ್ಟುತ್ತ ಹೋದೆ. ಒಂದು ಕಡೆ ಟೊಳ್ಳು ಸದ್ದು. ಮಾಲೀಕರ ಒಪ್ಪಿಗೆ ಪಡೆದು ನಾಲ್ಕು ಹಲಗೆ ಎಬ್ಬಿಸಿದಾಗ ಮೊಣಕಾಲುದ್ದದ ಗುಂಡಿ, ಅದಕ್ಕಿಳಿಯಲು ಎರಡು ಮೆಟ್ಟಿಲು. ವಾದ್ಯದವರು ಕೂರುತ್ತಿದ್ದ ಜಾಗ! ಮೂಕಿ ಚಿತ್ರಗಳಿಗೆ ಅಲ್ಲಿಂದಲೇ ಸಂಗೀತ ನುಡಿಸುತ್ತಿದ್ದರು. ಆ ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದೆ.

ಆಮೇಲೆ ಪತ್ರಿಕೆಗಳು. ಈ ಕೆಲಸಕ್ಕೆ ಅಡ್ಡದಾರಿ ಇಲ್ಲ, ದಿನಕ್ಕೊಂದು ಪುಟದಂತೆ ಜಾಹೀರಾತು ತಿರುವಬೇಕು. ಇಂಥ ಹುಡುಕಾಟಕ್ಕೆ ಇಳಿಯುವವರಿಗೆ ನನ್ನ ಸಲಹೆ: ಚಿತ್ರದ ಹೆಸರಿಗಿಂತ ಜಾಹೀರಾತು ಇಲ್ಲದ ದಿನಗಳನ್ನು ಗುರುತು ಹಾಕಿಕೊಳ್ಳಿ. ಕಟ್ಟಡದ ಕೆಲಸ ನಡೆದದ್ದು ಆಗಲೇ. ನನಗೆ ಮೂರು ವಾರದ ಖಾಲಿ ಸಿಕ್ಕಿತು. ಅದರ ಮರುದಿನದ ಜಾಹೀರಾತಿನಲ್ಲಿ ಮೊದಲ ಸಲ "ಟಾಕೀಸ್" ಎಂಬ ಪದ.

ಪರದೆಯ ಅಕ್ಕಪಕ್ಕದ ಕಂಬಗಳನ್ನು ಕೆತ್ತಿ ತೆಳುಮಾಡಿದ್ದರು. 1953ರಲ್ಲಿ ಅಗಲ ಪರದೆಯ ಸಿನೆಮಾಸ್ಕೋಪ್ ಬಂದ ಮೇಲೆ ಎಷ್ಟೋ ಮಂದಿರಗಳು ಹೀಗೆಯೇ ಅಗಲಕ್ಕೆ ಜಾಗ ಮಾಡಿಕೊಂಡವು.

ಕ್ಯಾಬಿನ್‌ನ ಒಂದು ವಿಷಯ ಬಾಕಿ ಇದೆ. ಪ್ರತಿ ಕಿಂಡಿಯ ಮೇಲೂ ಕಬ್ಬಿಣದ ಬಾಗಿಲು, ಅದನ್ನು ಹಿಡಿದ ಸರಪಳಿಯಲ್ಲಿ ಬಿಸಿಗೆ ಕರಗುವ ಕೊಂಡಿ. ಆಗಿನ ನೈಟ್ರೇಟ್ ಫಿಲ್ಮಿಗೆ ಬೆಂಕಿ ಹತ್ತಿದರೆ ನೀರಲ್ಲಿ ಮುಳುಗಿಸಿದರೂ ಆರದು. ಕೊಂಡಿ ಕರಗಿ ಬಾಗಿಲು ಬಿದ್ದರೆ ಹೊಗೆ ಪ್ರೇಕ್ಷಕರತ್ತ ಹೋಗುವುದಿಲ್ಲ, ಆದರೆ ಆಪರೇಟರ್ ಒಳಗಿರುತ್ತಾನೆ. ಅವನ ಬಾಗಿಲಿನ ಅಗಲ ಅಳೆದೆ: ಎರಡಡಿ. ನನ್ನ ಬರಹದ ಮೊದಲ ಅಧ್ಯಾಯವನ್ನು ಈಗ ಆ ಬಾಗಿಲಿನಿಂದಲೇ ಶುರುಮಾಡಿದ್ದೇನೆ.