ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಲಾಗ್ ಅಲರ್ಟ್: ಕೋಡ್‌ನಲ್ಲೇ ಹಾಕುವ ಬಗೆ

ಎಸ್‌ಕ್ಯುಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಟ್ರಾನ್ಸಾಕ್ಷನ್ ಲಾಗ್ ಪೂರ್ತಿ ತುಂಬಿದರೆ 9002 ಎರರ್ ಬಂದು ಡೇಟಾಬೇಸ್‌ಗೆ ಬರೆಯುವ ಕೆಲಸವೆಲ್ಲ ನಿಲ್ಲುತ್ತದೆ. ಅದಕ್ಕೂ ಮುಂಚೆ ಸುದ್ದಿ ಮುಟ್ಟಬೇಕು. ಹಾಗಾಗಿ ಹೊಸ ಸರ್ವರ್ ಕೈಗೆ ಬಂದರೆ ನಾನು ಮೊದಲು ಹಾಕುವುದು ಲಾಗ್ ತುಂಬುತ್ತಿದೆ ಎಂದು ಮೇಲ್ ಕಳಿಸುವ ಅಲರ್ಟನ್ನೇ, ಅದೂ ಸ್ಕ್ರಿಪ್ಟ್‌ನಲ್ಲಿ. ಮೌಸ್ ಹಿಡಿದು ಹಾಕಿದ ಅಲರ್ಟ್‌ಗಳು ಒಂದೊಂದು ಸರ್ವರ್‌ನಲ್ಲಿ ಒಂದೊಂದು ಥರ ಆಗಿಬಿಡುತ್ತವೆ.

ಬೇಕಾದ ಪ್ರೊಸೀಜರ್‌ಗಳೆಲ್ಲ (ಸಿದ್ಧ ಆದೇಶಗಳು) ಎಂಎಸ್‌ಡಿಬಿ ಎಂಬ ಸಿಸ್ಟಮ್ ಡೇಟಾಬೇಸ್‌ನಲ್ಲಿವೆ. ಎಸ್‌ಪಿ_ಆ್ಯಡ್_ಆಪರೇಟರ್‌ನಲ್ಲಿ ಮೇಲ್ ವಿಳಾಸ, ಎಸ್‌ಪಿ_ಆ್ಯಡ್_ಅಲರ್ಟ್‌ನಲ್ಲಿ ಷರತ್ತು, ಎಸ್‌ಪಿ_ಆ್ಯಡ್_ನೋಟಿಫಿಕೇಶನ್‌ನಲ್ಲಿ ಎರಡರ ಜೋಡಣೆ. ಸುದ್ದಿ ಕಳಿಸುವ ವಿಧಾನದ ಸಂಖ್ಯೆ ಮೇಲ್‌ಗೆ 1. ಷರತ್ತಿನ ಐದು ಭಾಗಗಳ ನಡುವೆ ಪೈಪ್ ಚಿಹ್ನೆ (|) ಇರುತ್ತದೆ: ಆಬ್ಜೆಕ್ಟ್ (ಕೌಂಟರ್‌ಗಳ ಗುಂಪು), ಕೌಂಟರ್ (ಸರ್ವರ್ ಅಳೆಯುವ ಒಂದು ಅಂಕಿ), ಇನ್‌ಸ್ಟೆನ್ಸ್ (ಇಲ್ಲಿ ಯಾವ ಡೇಟಾಬೇಸ್ ಎಂಬುದು), ಹೋಲಿಕೆ ಚಿಹ್ನೆ, ಮಿತಿ. ನಾನು ಇಡುವುದು ಡೇಟಾಬೇಸಸ್|ಪರ್ಸೆಂಟ್ ಲಾಗ್ ಯೂಸ್ಡ್|ಡೇಟಾಬೇಸ್ ಹೆಸರು|>|80. ಪೇಜ್ ಲೈಫ್ ಎಕ್ಸ್‌ಪೆಕ್ಟೆನ್ಸಿಯಂಥ ಕೌಂಟರ್‌ಗೆ ಇನ್‌ಸ್ಟೆನ್ಸ್ ಇರುವುದಿಲ್ಲ. ಆಗ ಜಾಗ ಖಾಲಿ ಬಿಟ್ಟರೂ ಪೈಪ್ ಬಿಡಬಾರದು. ಇದು ಎರರ್ ಮೇಲಲ್ಲ, ಕೌಂಟರ್ ಮೇಲಿನ ಅಲರ್ಟ್; ಹಾಗಾಗಿ ಮೆಸೇಜ್ ಐಡಿ, ಸಿವಿಯರಿಟಿ (ಎರರ್‌ನ ತೀವ್ರತೆ) ಎರಡೂ 0.

80 ಎಂದರೆ ಲಾಗ್ ಫೈಲಿನ ಈಗಿನ ಗಾತ್ರದ 80 ಶೇಕಡಾ, ಡಿಸ್ಕಿನದಲ್ಲ. ಫೈಲ್ ಚಿಕ್ಕದಿದ್ದು ಆಟೋಗ್ರೋತ್ (ತುಂಬಿದಾಗ ತಾನೇ ಬೆಳೆಯುವ ವ್ಯವಸ್ಥೆ) ಇದ್ದರೆ ಶೇಕಡಾವಾರು ಪದೇ ಪದೇ ಏರಿ, ಫೈಲ್ ಬೆಳೆದೊಡನೆ ಇಳಿಯುತ್ತದೆ. ಬರುವ ಮೇಲ್‌ಗಳಿಗೆ ಅರ್ಥವೇ ಇರುವುದಿಲ್ಲ. ಮೊದಲು ಲಾಗ್‌ಗೆ ಸರಿಯಾದ ಗಾತ್ರ ಕೊಡಿ, ಆಮೇಲೆ ಅಲರ್ಟ್.

ಎರಡು ಪ್ರತಿಕ್ರಿಯೆಗಳ ನಡುವಿನ ಅಂತರ ಡೀಫಾಲ್ಟ್ ಆಗಿ 0. ಹಾಗೇ ಬಿಟ್ಟರೆ ಷರತ್ತು ನಿಜವಾಗಿರುವಷ್ಟೂ ಹೊತ್ತು ಇನ್‌ಬಾಕ್ಸ್ ತುಂಬುತ್ತಲೇ ಇರುತ್ತದೆ. ನಾನು 900 ಸೆಕೆಂಡ್ ಇಡುತ್ತೇನೆ.

ಪರೀಕ್ಷಿಸುವಾಗ ಎಸ್‌ಪಿ_ಅಪ್‌ಡೇಟ್_ಅಲರ್ಟ್‌ನಿಂದ ಮಿತಿಯನ್ನು ಈಗಿನ ಬಳಕೆಗಿಂತ ಕೆಳಕ್ಕೆ ಇಳಿಸಿ, ಸಿಸ್‌ಅಲರ್ಟ್ಸ್ ಟೇಬಲ್‌ನ ಅಕರೆನ್ಸ್_ಕೌಂಟ್, ಅಂದರೆ ಅಲರ್ಟ್ ಎಷ್ಟು ಸಲ ಆಯಿತೆಂಬ ಎಣಿಕೆ ನೋಡುತ್ತೇನೆ. ಅಲರ್ಟ್, ಜಾಬ್‌ಗಳನ್ನು ನಡೆಸುವ ಏಜೆಂಟ್ ಸರ್ವಿಸ್ ಕೌಂಟರನ್ನು ಸತತವಾಗಿ ಓದದೆ ಆಗಾಗ ಮಾತ್ರ ಓದುವುದರಿಂದ ಕೆಲವು ಸೆಕೆಂಡ್ ಕಾಯಬೇಕು. ಎಣಿಕೆ ಏರದಿದ್ದರೆ ಏಜೆಂಟ್ ಸರ್ವಿಸ್ ನಿಂತಿದೆ ಅಥವಾ ಷರತ್ತಿನ ಹೆಸರಲ್ಲಿ ತಪ್ಪಿದೆ. ಎಣಿಕೆ ಏರಿಯೂ ಮೇಲ್ ಬರದಿದ್ದರೆ ಏಜೆಂಟ್ ಪ್ರಾಪರ್ಟೀಸ್‌ನ ಅಲರ್ಟ್ ಸಿಸ್ಟಮ್ ಪುಟ ತೆರೆಯಿರಿ. ಡೇಟಾಬೇಸ್ ಮೇಲ್‌ನ (ಸರ್ವರ್‌ನ ಮೇಲ್ ಕಳಿಸುವ ಸೌಲಭ್ಯ) ಟೆಸ್ಟ್ ಮೇಲ್ ಬಂದರಷ್ಟೇ ಸಾಲದು. ಅಲ್ಲಿ ಮೇಲ್ ಪ್ರೊಫೈಲ್ ಆನ್ ಮಾಡಿ ಏಜೆಂಟನ್ನು ರೀಸ್ಟಾರ್ಟ್ ಮಾಡಲೇಬೇಕು. ಮುಗಿದ ಮೇಲೆ ಮಿತಿಯನ್ನು ಮತ್ತೆ 80ಕ್ಕೆ ಏರಿಸಿ.

ಅಲರ್ಟ್‌ಗೆ ಒಂದು ಜಾಬ್ ಕೂಡ ಕಟ್ಟಿರುತ್ತೇನೆ. ಲಾಗ್‌ನ ಜಾಗ ಮತ್ತೆ ಬಳಕೆಗೆ ಸಿಗದಿರಲು ಕಾರಣವೇನೆಂದು ಹೇಳುವ, ಸಿಸ್.ಡೇಟಾಬೇಸಸ್‌ನ ಲಾಗ್_ರೀಯೂಸ್_ವೇಟ್_ಡೆಸ್ಕ್ ಕಾಲಮ್‌ನ ಬೆಲೆಯನ್ನು ಅದು ಆ ಕ್ಷಣದಲ್ಲೇ ಒಂದು ಟೇಬಲ್‌ಗೆ ಬರೆದಿಡುತ್ತದೆ. ಲಾಗ್_ಬ್ಯಾಕಪ್ ಎಂದಿದ್ದರೆ ಲಾಗ್ ಬ್ಯಾಕಪ್ ಜಾಬ್ ಓಡಿದೆಯೇ ನೋಡಿ. ಆ್ಯಕ್ಟಿವ್_ಟ್ರಾನ್ಸಾಕ್ಷನ್ ಎಂದಿದ್ದರೆ ಕಮಿಟ್ ಆಗದ ಟ್ರಾನ್ಸಾಕ್ಷನ್ ಯಾವ ಸೆಷನ್‌ದು ಎಂದು ಹುಡುಕಿ.